"ಯಾಕ್ ಸಾರ್, ಕೇಸ್ ಮಾಡ್ತೀರಾ?"

ಹೋದ ಸಲ ರಜೆಗೆ ದಾವಣಗೆರೆಗೆ ಬಂದಾಗ, ತಮ್ಮನ ಕಾರಲ್ಲಿ ಅಮ್ಮನ ಮಾತ್ರೆ ತರಲು ಹೊರಟಿದ್ದೆ. ಗುಂಡಿ ಸರ್ಕಲ್ ಹತ್ತಿರ ಭತ್ತದ ಚೀಲ ಹೇರಿಕೊಂಡ ಲಗೇಜ್ ಆಟೋ ಎಡಗಡೆಯಿಂದ ನುಗ್ಗಿ ಹೆಡ್‌ಲೈಟಿಗೆ ಗುದ್ದಿತು. ಗ್ಲಾಸು ಪುಡಿಪುಡಿ. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಎರಡೇ ನಿಮಿಷಕ್ಕೆ ಹದಿನೈದು ಜನ ಸೇರಿದರು. ಮೊದಲು ಬಾಯಿ ಬಿಟ್ಟವರು ಮಂಡಕ್ಕಿ ಪೊಟ್ಟಣ ಹಿಡಿದು ನಿಂತಿದ್ದ ಒಬ್ಬ ಯಜಮಾನರು. "ಯಾವೂರಾತು ಸಾರ್ ನಿಮ್ದು?" ಇಲ್ಲೇ, ವಿದ್ಯಾನಗರ ಅಂದೆ. "ಯಾರ ಪೈಕಿ?" ಅಪ್ಪನ ಹೆಸರು ಹೇಳಿದೆ. ಆಟೋದವನದು ಮಲೇಬೆನ್ನೂರು. ಅವನ ಮಾವ ಯಜಮಾನರಿಗೆ ಪರಿಚಯ. "ಹಂಗಾರೆ ನಮ್ಮೋರೇ ಆತಲ್ಲ, ಬಿಡ್ರಿ."

ಗಾಡಿ ನಂಬರ್ ಬರೆದುಕೊಳ್ಳೋಣ ಅಂತ ಮೊಬೈಲ್ ತೆಗೆದೆ. ಆಟೋದವನ ಮುಖ ಸಣ್ಣಗಾಯಿತು. "ಯಾಕ್ ಸಾರ್, ಕೇಸ್ ಮಾಡ್ತೀರಾ?" ಎಲ್ಲರೂ ನನ್ನನ್ನೇ ನೋಡಿದರು. ನಾಚಿಕೆಯಾಗಿ ಜೇಬಿಗಿಟ್ಟೆ. ಅವನು 500 ರೂಪಾಯಿ ಕೈಗೆ ತುರುಕಿದ. ಟೀ ಬಂತು. ನಾನೂ ಕುಡಿದೆ, ಸುಳ್ಳು ಯಾಕೆ ಹೇಳಲಿ.

ಸಂಜೆ ತಮ್ಮ ಕ್ಲೇಮ್ ಫಾರಂ ಹಿಡಿದು ಕೂತ. "ಅವನ ಗಾಡಿ ನಂಬರ್ ಏನಣ್ಣ?" ಕೆಎ 17 ಅಂದೆ, ಮುಂದೆ ಹೊಳೆಯಲಿಲ್ಲ. ಅವನ ಮಾವನಿಗೆ ಎಷ್ಟು ಎಕರೆ ಅಡಿಕೆ ತೋಟ ಅಂತ ಮಾತ್ರ ಚೆನ್ನಾಗಿ ಗೊತ್ತಿತ್ತು.

ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಅಲ್ಲಿ ಒಂದು ಸೂಪರ್‌ಮಾರ್ಕೆಟ್ ಪಾರ್ಕಿಂಗ್‌ನಲ್ಲಿ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ರಿವರ್ಸ್ ತೆಗೆಯುವಾಗ ನನ್ನ ಕಾರಿನ ಬಾಗಿಲಿಗೆ ತಾಗಿಸಿದ್ದರು. ಇಳಿದವರೇ ಡ್ಯಾಶ್‌ಬೋರ್ಡಿನಿಂದ ಅಪಘಾತದ ವಿವರ ಬರೆಯುವ ಒಂದು ಫಾರಂ, ಎರಡು ಪೆನ್ನು ತೆಗೆದರು. ಯುರೋಪಿನ ಬಹುತೇಕ ಕಡೆ ಇದೇ ನಮೂನೆ. ಒಬ್ಬರಿಗೆ ನೀಲಿ ಕಾಲಂ, ಇನ್ನೊಬ್ಬರಿಗೆ ಹಳದಿ. ಹೆಸರು, ವಿಳಾಸ, ಲೈಸೆನ್ಸ್, ಪಾಲಿಸಿ ನಂಬರ್, ಸಾಕ್ಷಿ ಯಾರು, ಎಲ್ಲಕ್ಕೂ ಜಾಗ. ನಡುವೆ 17 ಸಾಲು. ನಿಂತಿದ್ದೆಯಾ, ಲೇನ್ ಬದಲಿಸುತ್ತಿದ್ದೆಯಾ, ರಿವರ್ಸ್ ಬರುತ್ತಿದ್ದೆಯಾ, ಗುರುತು ಹಾಕಬೇಕು. ಎಷ್ಟು ಗುರುತು ಹಾಕಿದೆ ಅಂತ ಎಣಿಸಿ ಕೆಳಗೆ ಬರೆಯಬೇಕು, ಆಮೇಲೆ ಯಾರೂ ಸೇರಿಸಬಾರದಲ್ವಾ. ಮೊದಲು ತಾಗಿದ ಜಾಗಕ್ಕೆ ಬಾಣ. ಕೊನೆಗೆ ಒಂದು ಚಿತ್ರ. ಅಜ್ಜಿ ಎರಡು ಕಾರು ಬರೆದು, ಪಕ್ಕದ ಮರವನ್ನೂ ಎಲೆ ಸಮೇತ ಬರೆದರು.

ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಂಡೆವು. ಸಹಿ ಹಾಕಿದರೆ ತಪ್ಪು ಒಪ್ಪಿಕೊಂಡಂತೆ ಅಲ್ಲ ಅಂತ ಫಾರಂನಲ್ಲೇ ಅಚ್ಚಾಗಿದೆ. ತಪ್ಪು ಯಾರದು ಅನ್ನೋ ಮಾತೇ ಬರಲಿಲ್ಲ, ಅದು ಇನ್ಶೂರೆನ್ಸ್‌ನವರ ತಲೆನೋವು. ಅಲ್ಲಿ ವಿವರ ಕೊಡುವುದೇ ಮರ್ಯಾದೆ. ನಿಂತ ಕಾರಿಗೆ ತಾಗಿಸಿ, ವೈಪರ್‌ಗೆ ಬರೀ ಚೀಟಿ ಸಿಕ್ಕಿಸಿ ಹೋದರೂ ಅಪರಾಧ. ನಮ್ಮಲ್ಲಿ ವಿವರ ಕೇಳಿದವನೇ ಜಗಳಗಂಟ.

ಕಾನೂನು ನಮ್ಮಲ್ಲೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಪೆಟ್ಟಾದವರಿಗೆ ಚಿಕಿತ್ಸೆ ಕೊಡಿಸಬೇಕು, ಪೊಲೀಸರಿಗೆ ತಿಳಿಸಬೇಕು. ಪಾಲಿಸಿ ನಂಬರ್, ದಿನ, ಹೊತ್ತು, ಜಾಗ, ಚಾಲಕನ ಹೆಸರು ಎಲ್ಲ ಇನ್ಶೂರೆನ್ಸ್‌ಗೆ ಬರೆದು ಕೊಡಬೇಕು. ನಂಬರ್ ಪ್ಲೇಟಿನ ಒಂದು ಫೋಟೊ ಇದ್ದಿದ್ದರೆ ಸರ್ಕಾರದ ಎಂಪರಿವಾಹನ್ ಆಪ್‌ನಲ್ಲಿ ಆ ಆಟೋದ ಇನ್ಶೂರೆನ್ಸ್ ಎಲ್ಲಿವರೆಗಿದೆ ಅಂತಾದರೂ ನೋಡಬಹುದಿತ್ತು. ಅವತ್ತು ಗುಂಡಿ ಸರ್ಕಲ್ ಹತ್ತಿರ ಇಬ್ಬರು ವಿಡಿಯೋ ಮಾಡುತ್ತಿದ್ದರು. ನನ್ನ ಮುಖದ್ದು.

ಮುಂದಿನದನ್ನು ಬರೆಯದೇ ಬಿಡೋಣ ಅಂದುಕೊಂಡಿದ್ದೆ. ನಾಲ್ಕನೇ ದಿನ ಬೆಳಗ್ಗೆ ಆಟೋದವನು ಮನೆ ಬಾಗಿಲಲ್ಲಿ ನಿಂತಿದ್ದ. ಅಪ್ಪನ ಹೆಸರು ಕೇಳಿಕೊಂಡೇ ಬಂದಿದ್ದನಂತೆ. ಮಾವ ಬೈದರಂತೆ. ಗ್ಯಾರೇಜ್ ಬಿಲ್ಲಿನ ಅರ್ಧ ದುಡ್ಡು ಕೊಟ್ಟ, ಒಂದು ಸಣ್ಣ ಚೀಲ ಅಕ್ಕಿ ಇಳಿಸಿದ. ಅಮ್ಮ ಅವನಿಗೆ ಉಪ್ಪಿಟ್ಟು ಕೊಟ್ಟರು. ನನಗಿಂತ ಮೊದಲು.

ವಾಪಸ್ ಬಂದಮೇಲೆ ಇಲ್ಲಿನ ಖಾಲಿ ಫಾರಂ ಒಂದರ ಫೋಟೊ ತೆಗೆದು ತಮ್ಮನಿಗೆ ಕಳಿಸಿದೆ, ಹೀಗೊಂದು ಮಾಡಿಟ್ಟುಕೋ ಅಂತ. ರಾತ್ರಿ ಉತ್ತರ ಬಂತು.

"ಎಲ್ಲಾ ಸರಿ ಐತಣ್ಣ. ಯಾರ ಪೈಕಿ ಅಂತ ಬರೆಯೋಕೆ ಜಾಗ ಎಲ್ಲೈತಿ?"