ಸ್ಲೈಡ್ ಸಾಲದು, ಹಾಸಿಗೆ ಪಕ್ಕ ಕಲಿಸಿ

ಬಿ.ಎಸ್ಸಿ. ನರ್ಸಿಂಗ್ ಮಕ್ಕಳಿಗೆ ಪ್ಯಾಲಿಯೇಟಿವ್ ಕೇರ್, ಅಂದರೆ ಗಂಭೀರ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆ, ಚೆನ್ನಾಗಿ ಕಲಿಸಬೇಕು ಅಂತ ಲೇಖನವೊಂದರಲ್ಲಿ ಹೇಳಿದ್ದು ನೂರಕ್ಕೆ ನೂರು ಸರಿ. 2021ರ ಹೊಸ ಪಠ್ಯಕ್ರಮದಲ್ಲಿ ಅದಕ್ಕೆ ಜಾಗವೂ ಸಿಕ್ಕಿದೆ. ಆದರೆ ಸುಮ್ನೆ ಸ್ಲೈಡ್ ತೋರಿಸಿ ಮುಗಿಸಿದರೆ ಏನು ಬಂತು?

ತೀವ್ರ ನೋವಿಗೆ ಕೊಡುವ ಮಾರ್ಫಿನ್ ಅಂದರೆ ಈಗಲೂ ಎಷ್ಟೋ ಜನಕ್ಕೆ ಹೆದರಿಕೆ. ಚಟ ಹತ್ತುತ್ತದೆ, ಉಸಿರು ನಿಲ್ಲುತ್ತದೆ ಅಂತ. ಆ ಹೆದರಿಕೆ ಹೋಗಬೇಕಾದರೆ ಸರಿಯಾಗಿ ಕೊಡುವುದನ್ನು ಕಲಿಯಬೇಕು. ಸಾಮಾನ್ಯ (ಬೇಗ ಕೆಲಸ ಮಾಡುವ) ಮಾರ್ಫಿನ್ ಮಾತ್ರೆಯನ್ನು 4 ಗಂಟೆಗೊಮ್ಮೆ, ನೋವು ಮರಳುವ ಮೊದಲೇ ಕೊಡಬೇಕು. ಜೊತೆಗೆ ಅದರಿಂದಾಗುವ ಮಲಬದ್ಧತೆಗೂ ಔಷಧ ಇರಬೇಕು. ರೋಗಿಯ ಪಕ್ಕ ನಿಂತು ಕಲಿತವರು ಇದನ್ನು ಮರೆಯುವುದಿಲ್ಲ. ಕ್ಯಾನ್ಸರ್ ಹುಣ್ಣು ವಾಸನೆ ಬರುತ್ತಿದ್ದರೆ ಮನೆಯವರೇ ದೂರ ಕೂರುತ್ತಾರೆ. ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಪುಡಿ ಮಾಡಿ ಹಾಕಿ ಡ್ರೆಸ್ಸಿಂಗ್ ಮಾಡಿದರೆ ವಾಸನೆ ಕಡಿಮೆಯಾಗುತ್ತದೆ, ಮೊಮ್ಮಗು ಮತ್ತೆ ಹತ್ತಿರ ಬರುತ್ತದೆ. ಎಷ್ಟು ದೊಡ್ಡ ವಿಷಯ ಅಲ್ವಾ!

“ಸಿಸ್ಟರ್, ನಾನು ಹುಷಾರಾಗ್ತೀನಾ?” ಅಂತ ರೋಗಿ ಕೇಳಿದಾಗ ಇಪ್ಪತ್ತು ವರ್ಷದ ಹುಡುಗಿ ಏನು ಹೇಳಬೇಕು? ಅದಕ್ಕೇ ಜಾಸ್ತಿ ತಯಾರಿ ಬೇಕು. ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಬೆಂಗಳೂರಿನ ಕರುಣಾಶ್ರಯದಂಥ ಕಡೆ ಪ್ರತಿ ವಿದ್ಯಾರ್ಥಿಯನ್ನೂ ಎರಡು ವಾರವಾದರೂ ಕಳಿಸಿ, ಅದೂ ಕೊನೆಯ ವರ್ಷಕ್ಕೆ ಕಾಯದೆ. ದೂರದ ಊರಿನ ಕಾಲೇಜುಗಳು ಜಿಲ್ಲಾಸ್ಪತ್ರೆ ಜೊತೆ ಸೇರಿ ಮನೆಭೇಟಿಯನ್ನಾದರೂ ಶುರು ಮಾಡಬಹುದು.