ಆ ಹಸಿರು ಚುಕ್ಕೆಗಳು ಮದ್ದು ಸೊಪ್ಪಿನವಲ್ಲ

ಕೊಡಗಿನ ಕಕ್ಕಡ ತಿಂಗಳ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಉಂಡವರ ಜೀವಕೋಶ ಹೀಗೆ ಹೊಳೆಯುತ್ತದೆ, ಹಸಿರು ಚುಕ್ಕೆ ಹೆಚ್ಚಿದಷ್ಟೂ ದೇಹ ಶುದ್ಧ ಎಂಬ ಚಿತ್ರವೊಂದು ಮಡಿಕೇರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ತಪ್ಪು. ಅದು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶ. ಆಟೋಫೇಜಿಯಲ್ಲಿ, ಅಂದರೆ ಕೋಶ ತನ್ನದೇ ಕಸವನ್ನು ತಿನ್ನುವಾಗ, ಕಸ ತುಂಬುವ ಚೀಲದ ಪೊರೆಗೆ ಎಲ್‌ಸಿ3 ಪ್ರೋಟೀನ್ ಅಂಟುತ್ತದೆ. ಅದಕ್ಕೆ ಜೆಲ್ಲಿಫಿಶ್‌ನ ಹಸಿರು ಪ್ರೋಟೀನ್ ಜೋಡಿಸಿದ್ದಾರೆ; ಹೊಳೆಯುವುದು ಅದು. ಚುಕ್ಕೆ ಹೆಚ್ಚಾದರೆ ಕೆಲಸ ಚುರುಕಾಗಿದೆ ಎನ್ನುವಂತೆಯೂ ಇಲ್ಲ: ಚೀಲಗಳು ಕರಗದೆ ರಾಶಿ ಬಿದ್ದರೂ ಹೀಗೇ ಕಾಣುತ್ತದೆ. ಅದಕ್ಕೇ ಎಲ್‌ಸಿ3ಗೆ ಕೆಂಪು, ಹಸಿರು ಎರಡೂ ಪ್ರೋಟೀನ್‌ಗಳನ್ನು ಒಟ್ಟಿಗೆ ಜೋಡಿಸುವುದುಂಟು. ಚೀಲವು ಕೋಶದಲ್ಲಿ ಕಸ ಕರಗಿಸುವ ಲೈಸೋಸೋಮಿನ ಆಮ್ಲ ಸೇರಿದಾಗ ಹಸಿರು ಆರುತ್ತದೆ, ಕೆಂಪು ಉಳಿಯುತ್ತದೆ. ಆಟೋಫೇಜಿಯ ಸಂಶೋಧನೆಗೆ ವಿಜ್ಞಾನಿ ಯೊಶಿನೊರಿ ಒಸುಮಿಯವರಿಗೆ 2016ರ ನೊಬೆಲ್ ಬಂದದ್ದೇನೋ ನಿಜ. ಅವರು ನೋಡಿದ್ದು ಯೀಸ್ಟ್, ಪಾಯಸವಲ್ಲ. ಉಂಡ ಮರುದಿನ ಮೂತ್ರ ಕೆಂಪಾಗುವುದು ಸೊಪ್ಪಿನ ಬಣ್ಣದಿಂದ. ಆ ಚಿತ್ರಕ್ಕೂ ಅದಕ್ಕೂ ನಂಟಿಲ್ಲ.