ದೇಶದ ಮೊದಲ ಪ್ರನಾಳ ಶಿಶು: ಪೂರ್ತಿ ಸಂಶೋಧನಾ ಪೇಪರ್ ಇಲ್ಲದಿದ್ದರೂ 'ಮೊದಲಿಗ' ಪಟ್ಟ ಕೊಡಬೇಕೇ?

ಪರ: ಅವರಿಗೆ ಸಲ್ಲಬೇಕಾದ್ದು ಸಲ್ಲಲಿ

ಪರವಾಗಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಒಂದು ಅನುಮಾನ ನನಗೂ ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಕೋಲ್ಕತ್ತಾದ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ ಪ್ರನಾಳ ಶಿಶು (ಅಂಡಾಣು, ವೀರ್ಯಾಣುಗಳನ್ನು ದೇಹದ ಹೊರಗೆ ಸೇರಿಸಿ ಪಡೆದ ಮಗು) 'ದುರ್ಗಾ' ಹುಟ್ಟಿದ್ದು 1978ರ ಅಕ್ಟೋಬರ್ 3ರಂದು. ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿ ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ. ಅಲ್ಲಿನವರು ಲ್ಯಾಪರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕೊಳವೆ ಹಾಕುವುದು) ಮಾಡಿ, ತಾನಾಗಿ ಬಲಿತ ಒಂದು ಅಂಡಾಣು ತೆಗೆದಿದ್ದರು. ಇವರು ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಅಂಡಾಣು ಬೆಳೆಸಿದರು, ಯೋನಿಯ ಕಡೆಯಿಂದ ತೆಗೆದರು, ಭ್ರೂಣವನ್ನು ಫ್ರೀಜ್ ಮಾಡಿಟ್ಟು ಆಮೇಲೆ ಗರ್ಭಕೋಶಕ್ಕೆ ಸೇರಿಸಿದರು. ಈಗ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಕೇಂದ್ರಗಳಲ್ಲಿ ದಿನಾ ನಡೆಯುವುದು ಹೆಚ್ಚೂಕಮ್ಮಿ ಇದೇ.

ಪೇಪರ್ ಎಲ್ಲಿ ಅಂತ ಕೇಳುತ್ತಾರೆ. 1978ರಲ್ಲೇ ಒಂದು ಕ್ರಯೋಜೆನಿಕ್ಸ್ (ಅತಿಶೀತ ವಿಜ್ಞಾನ) ಪತ್ರಿಕೆಯಲ್ಲಿ ಚಿಕ್ಕ ಬರಹ ಬಂದಿತ್ತು. ಲೂಯಿಸ್ ಬ್ರೌನ್ ಸುದ್ದಿಯೂ ಮೊದಲು ಬಂದದ್ದು ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ಒಂದು ಪುಟ್ಟ ಪತ್ರವಾಗಿ, ವಿವರ ಬಂದದ್ದು 1980ರಲ್ಲಿ. ಅವರಿಗೆ ಬರೆಯಲು ಕಾಲ ಸಿಕ್ಕಿತು. ಇವರಿಗೆ ಸಿಕ್ಕಿದ್ದು ಸರ್ಕಾರದ ವಿಚಾರಣಾ ಸಮಿತಿ, ಅದಕ್ಕೊಬ್ಬ ರೇಡಿಯೋ ಭೌತಶಾಸ್ತ್ರಜ್ಞ ಅಧ್ಯಕ್ಷ. ಜಪಾನಿಗೆ ಹೋಗಿ ಹೇಳಲು ಬಿಡಲಿಲ್ಲ. ಕೊನೆಗೆ ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. 1981ರ ಜೂನ್‌ನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು.

1986ರಲ್ಲಿ ಮುಂಬೈಯಲ್ಲಿ ಪ್ರನಾಳ ಶಿಶು ಹರ್ಷಾ ಹುಟ್ಟಿದಾಗ 'ಮೊದಲಿಗರು' ಅನ್ನಿಸಿಕೊಂಡವರು ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ.ಸಿ. ಆನಂದ ಕುಮಾರ್. ಆನಂದ ಕುಮಾರ್ ಆಮೇಲೆ ಬೆಂಗಳೂರಿಗೆ ಬಂದರು. ಸುಭಾಷ್ ಅವರ ಕೈಬರಹದ ಟಿಪ್ಪಣಿಗಳನ್ನು ಓದಿ, ಮೊದಲಿಗರು ನಾವಲ್ಲ, ಅವರು ಎಂದು 1997ರಲ್ಲಿ ನಮ್ಮ ಬೆಂಗಳೂರಿನಿಂದಲೇ ಹೊರಡುವ ವಿಜ್ಞಾನ ಪತ್ರಿಕೆ 'ಕರೆಂಟ್ ಸೈನ್ಸ್'ನಲ್ಲಿ ಬರೆದರು. ತನ್ನ ಪಟ್ಟವನ್ನು ತಾನೇ ಬಿಟ್ಟುಕೊಟ್ಟ ವಿಜ್ಞಾನಿಯ ಮಾತಿಗಿಂತ ದೊಡ್ಡ ಸಾಕ್ಷಿ ಯಾವುದಿದೆ?

ಟಿಪ್ಪಣಿ ಓದಿ ಒಪ್ಪುವುದಕ್ಕೂ ಲ್ಯಾಬಿನಲ್ಲಿ ಮತ್ತೆ ಮಾಡಿ ನೋಡಿ ಒಪ್ಪುವುದಕ್ಕೂ ವ್ಯತ್ಯಾಸ ಇದೆ, ನನ್ನ ಅನುಮಾನ ಅಷ್ಟೇ. ಆದರೂ ಪಟ್ಟ ಕೊಡಬೇಕು ಅನ್ನುತ್ತೇನೆ.

ವಿರೋಧ: ಅಚ್ಚಾಗದ್ದನ್ನು ಪರೀಕ್ಷಿಸುವುದು ಹೇಗೆ?

ಸುಭಾಷ್ ಅವರನ್ನು ನಡೆಸಿಕೊಂಡ ರೀತಿ ಘೋರ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅನ್ಯಾಯ ಆಯಿತು ಅನ್ನುವುದೇ ಪುರಾವೆ ಆಗುವುದಿಲ್ಲ. ಪಾಪ ಅನ್ನಿಸಿದವರಿಗೆಲ್ಲ 'ಮೊದಲಿಗ' ಪಟ್ಟ ಕೊಡುತ್ತಾ ಹೋಗಬೇಕಾ? ನಾಳೆ ಯಾರದೋ ಮನೆಯ ಅಟ್ಟದಲ್ಲಿ ಹಳೆಯ ಡೈರಿ ಸಿಕ್ಕಿದರೆ ಅವರಿಗೂ ಕೊಡುತ್ತೀರಾ? ಲ್ಯಾನ್ಸೆಟ್‌ನದ್ದೂ ಬರೀ ಪತ್ರ ತಾನೇ ಅನ್ನುವವರಿದ್ದಾರೆ. ಅದು ಬೇರೆ ವಿಚಾರ, ಬಿಡಿ.

ನೋಡಿ, ಭ್ರೂಣ ಫ್ರೀಜ್ ಮಾಡುವ ವಿವರ ಪೂರ್ತಿ ಅಚ್ಚಾಗಿದ್ದರೆ ಬೇರೆಯವರು ಅದನ್ನು ಮಾಡಿ ನೋಡುತ್ತಿದ್ದರು. ಆಗಲಿಲ್ಲ. ಫ್ರೀಜ್ ಮಾಡಿದ ಭ್ರೂಣದಿಂದ ಮಗು ಹುಟ್ಟಿತು ಅಂತ ಜಗತ್ತು ಒಪ್ಪಿದ್ದು 1984ರಲ್ಲಿ, ಅದೂ ಹೊರದೇಶದವರು ತಾವೇ ದಾರಿ ಹುಡುಕಿಕೊಂಡ ಮೇಲೆ. ನಮ್ಮ ದೇಶದ ದಂಪತಿಗಳು 1986ರವರೆಗೆ ಕಾದರು. ಬೇರೆಯವರು ಮಾಡಿ ನೋಡಲು ಆಗದ ಸಂಶೋಧನೆಯಿಂದ ರೋಗಿಗೆ ಏನು ಸಿಕ್ಕಿತು?

ನಾನು ಇಷ್ಟು ಹಟ ಹಿಡಿಯಲು ಕಾರಣ ಇದೆ. ಮಗುವಿಗಾಗಿ ನಾವೂ ಐವಿಎಫ್ ಮಾಡಿಸಿಕೊಂಡೆವು. ಭ್ರೂಣ ನಿಲ್ಲಲಿಲ್ಲ. ಆಗ ಡಾಕ್ಟರು, "ಗರ್ಭಕೋಶದ ಒಳಪದರ ಸ್ವಲ್ಪ ಕೆರೆದುಬಿಡೋಣ, ಭ್ರೂಣ ಚೆನ್ನಾಗಿ ಕೂರುತ್ತೆ" ಅಂದರು. ನಮ್ಮ ಯಜಮಾನರು, "ಇದರ ರಿಸಲ್ಟ್ ಎಲ್ಲಾದರೂ ಬರೆದಿದ್ದೀರಾ ಸಾರ್?" ಅಂತ ಕೇಳಿದರು. "ಬರೆಯೋದೇನು ಬಂತು, ಇದು ನಮ್ಮ ಅನುಭವ. ಎಷ್ಟೋ ಜನಕ್ಕೆ ಆಗಿದೆ" ಅಂದರು. ನಮ್ಮತ್ತೆ ಸುಮ್ನೆ ಎದ್ದು ಹೋಗಿ ತಮ್ಮ ಬಳೆ ಅಡವಿಟ್ಟು ಬಂದರು. ನಾನು ಆ ನೋವು ಉಂಡೆ. ಆಗಲೂ ಮಗು ನಿಲ್ಲಲಿಲ್ಲ. ಅಷ್ಟು ದುಡ್ಡು ಸುರಿದು, ಅಷ್ಟು ನೋವು ತಿಂದು ಮನೆಗೆ ಬಂದ ಹೆಂಗಸಿಗೆ 'ಅನುಭವ' ಅನ್ನುವ ಮಾತು ಕೇಳಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಆಮೇಲೆ, 2019ರಲ್ಲಿ, ಇದೇ ಕೆರೆಯುವ ಚಿಕಿತ್ಸೆಯ ದೊಡ್ಡ ಪರೀಕ್ಷೆ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂತು. 1364 ಹೆಂಗಸರು. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಕೆರೆದರು, ಅರ್ಧ ಜನಕ್ಕೆ ಇಲ್ಲ. ಮಗು ಆದದ್ದು ಎರಡೂ ಕಡೆ ಶೇ. 26.1. ಒಂದಿಷ್ಟೂ ವ್ಯತ್ಯಾಸ ಇಲ್ಲ! ಕೆರೆದರೆ ಒಳ್ಳೆಯದು ಅನ್ನುವ ಮೊದಲಿನ ಚಿಕ್ಕ ಅಧ್ಯಯನವೂ 2003ರಲ್ಲಿ ಅಚ್ಚಾಗಿತ್ತು. ಅಚ್ಚಾಗಿದ್ದರಿಂದಲೇ ಅದನ್ನು ಯಾರೋ ಪರೀಕ್ಷೆಗೆ ಒಡ್ಡಲು ಆಯಿತು. ನಮ್ಮ ಡಾಕ್ಟರ ಅನುಭವವನ್ನು ಯಾರು ಪರೀಕ್ಷಿಸಬೇಕಿತ್ತು?

ಸುಭಾಷ್ ಅವರ ಹೆಸರಲ್ಲಿ ಪ್ರಶಸ್ತಿ ಕೊಡಿ, ಸಂಶೋಧನಾ ಕೇಂದ್ರ ಕಟ್ಟಿ. ಅವರ ಟಿಪ್ಪಣಿಗಳನ್ನು ಎಲ್ಲರೂ ಓದುವ ಹಾಗೆ ಪೂರ್ತಿ ಅಚ್ಚು ಹಾಕಿಸಿ. ಅದನ್ನು ಮೊದಲು ಮಾಡಿ, ಪಟ್ಟದ ಮಾತು ಆಮೇಲೆ.